ಒಂದೇ ರೆಕ್ಕೆಯ ಅಜ್ಜನಿಗೆ ಸನ್ಮಾನ: ಒಂದು ಪ್ರಕರಣ

ಫ್ಲೆಕ್ಸ್‌ನಲ್ಲಿ ಮೂರು ತಪ್ಪುಗಳಿದ್ದವು. ಮೂರೂ ನನ್ನವೇ.

ಎಂಟಡಿ ಅಗಲ, ಆರಡಿ ಎತ್ತರದ ಫ್ಲೆಕ್ಸ್. ಎಡಗಡೆ ಅಜ್ಜನ ಫೋಟೊ. ಬಲಗಡೆ ಮೋಡ ಸೀಳಿಕೊಂಡು ಹೋಗುವ ಯುದ್ಧವಿಮಾನ. ನಡುವೆ ಕೇಸರಿ ಅಕ್ಷರದಲ್ಲಿ 'ವೀರ ಚಕ್ರ ವಿಜೇತ, 1971ರ ಯುದ್ಧದ ಧೀರ ಪೈಲಟ್‌ಗೆ ಹುಟ್ಟೂರಿನ ಸನ್ಮಾನ'. ಅದನ್ನು ಶಾಲೆಯ ಗೇಟಿಗೆ ಕಟ್ಟಿದ್ದು 2023ರ ಡಿಸೆಂಬರ್ 13ರ ಬೆಳಗ್ಗೆ. ಕಾರ್ಯಕ್ರಮ ಇದ್ದದ್ದು 16ಕ್ಕೆ, ಶನಿವಾರ, ವಿಜಯ ದಿವಸದ ದಿನ. ಹತ್ತು ಗಂಟೆಯೊಳಗೆ ಅಜ್ಜನ ಮೊಮ್ಮಗ ಬೈಕಿನಲ್ಲಿ ಬಂದ. ಬೈಕಿನಿಂದ ಇಳಿಯಲೂ ಇಲ್ಲ. 'ಅಜ್ಜ ಬರಲ್ಲವಂತೆ' ಅಂದು ತಿರುಗಿಸಿಕೊಂಡು ಹೋದ.

ಆ ಮೂರು ದಿನ ಏನಾಯಿತು ಅನ್ನುವುದನ್ನು ಬರೆದಿಡಬೇಕು ಅನ್ನಿಸಿದ್ದು ಆಮೇಲೆ. ಪಕ್ಕದೂರಿನ ಇಬ್ಬರು ತಮ್ಮೂರಿನ ಮಾಜಿ ಸೈನಿಕರಿಗೆ ಸನ್ಮಾನ ಮಾಡಬೇಕು, ಏನೇನು ನೋಡ್ಕೋಬೇಕು ಹೇಳಿ ಅಂತ ಕೇಳಿದ್ದರು. ಬಾಯಲ್ಲಿ ಹೇಳಿದರೆ ಅರ್ಧ ಮರೆಯುತ್ತದೆ. ಊರಿನ ಹೆಸರು, ಜನರ ಹೆಸರು ಬಿಟ್ಟಿದ್ದೇನೆ. ಅದು ಅಜ್ಜನ ಷರತ್ತು.

ಹಿನ್ನೆಲೆ

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಒಳಗೆ ಸಿಗುವ ಊರು. ಅಡಿಕೆ ತೋಟ, ಒಂದು ಶಾಲೆ, ಒಂದು ಸೊಸೈಟಿ, ಮಳೆಗಾಲದಲ್ಲಿ ಇಲ್ಲದಿರುವ ಕರೆಂಟು. ಅಜ್ಜ ಇಲ್ಲಿಯವರೇ. ಶಿವಮೊಗ್ಗದಲ್ಲಿ ಓದಿ, ವಾಯುಪಡೆ ಸೇರಿ, ನಿವೃತ್ತಿಯಾಗಿ ವಾಪಸ್ ಬಂದು ತೋಟ ನೋಡಿಕೊಂಡರು. ಊರಿನವರ ಬಾಯಲ್ಲಿ ಅವರು 'ಮಿಲಿಟ್ರಿ ಅಜ್ಜ'. ಭೂಸೇನೆಯಾದರೂ ನೌಕಾಪಡೆಯಾದರೂ ವಾಯುಪಡೆಯಾದರೂ ನಮಗೆ ಎಲ್ಲ ಮಿಲಿಟ್ರಿಯೇ, ಅಲ್ವಾ?

ಅವರ ಬಗ್ಗೆ ಊರಿಗೆ ಗೊತ್ತಿದ್ದದ್ದು ಎರಡು. ಒಂದು, ಟೈಮು. ಅಡಿಕೆ ಕೊಯ್ಯುವ ಕೊನೆಗಾರ ಏಳಕ್ಕೆ ಬರುತ್ತೇನೆ ಅಂದು ಏಳೂ ಹತ್ತಕ್ಕೆ ಬಂದರೆ ಅಜ್ಜ ಎಚ್‌ಎಂಟಿ ವಾಚು ತೋರಿಸುತ್ತಿದ್ದರು, ಮಾತಾಡುತ್ತಿರಲಿಲ್ಲ. ಇನ್ನೊಂದು, ಮಳೆ ಪುಸ್ತಕ. ಮಲೆನಾಡಿನಲ್ಲಿ ಮಳೆ ಅಳೆದು ಬರೆದಿಡುವ ಬೆಳೆಗಾರರು ಬೇಕಾದಷ್ಟು ಜನ ಇದ್ದಾರೆ. ಅಜ್ಜನ ಪುಸ್ತಕದಲ್ಲಿ ಮಿಲಿಮೀಟರಿನ ಪಕ್ಕ ಇನ್ನೊಂದು ಕಾಲಂ ಇತ್ತು. ಗಾಳಿ ಯಾವ ದಿಕ್ಕಿಂದ, ಎಷ್ಟು ಜೋರು. ದಿನಕ್ಕೆ ಎರಡು ಸಲ. ಅಡಿಕೆ ಬೆಳೆಯುವವನಿಗೆ ಗಾಳಿ ಲೆಕ್ಕ ಯಾಕೆ ಅಂತ ನಾವು ಯಾರೂ ಕೇಳಲಿಲ್ಲ. ವಯಸ್ಸಾದವರ ಚಟ ಅಂದುಕೊಂಡೆವು.

2023ರ ಆಗಸ್ಟ್‌ನಲ್ಲಿ 'ನನ್ನ ಮಣ್ಣು ನನ್ನ ದೇಶ' ಅಭಿಯಾನ ನಡೆಯಿತಲ್ಲ, ಪಂಚಾಯ್ತಿಗಳಲ್ಲಿ ಶಿಲಾಫಲಕ ನಿಲ್ಲಿಸಿದರಲ್ಲ. ಆಗ ನಮ್ಮಲ್ಲಿ ಯಾರ್ಯಾರು ಸೈನ್ಯದಲ್ಲಿದ್ದರು ಅಂತ ಪಟ್ಟಿ ಮಾಡುವ ಕೆಲಸ ಊರ ಸಮಿತಿಯ ಕಾರ್ಯದರ್ಶಿಯಾದ ನನ್ನ ತಲೆಗೆ ಬಂತು. ಅಜ್ಜನ ಮನೆಗೆ ಹೋದಾಗ ಅವರು ತೋಟದಲ್ಲಿದ್ದರು. ಸೊಸೆ ಒಂದು ಹಳೆ ಡಬ್ಬಿ ತಂದು ತೋರಿಸಿದರು. ಒಳಗೆ ಸಾಲಾಗಿ ಪದಕಗಳು. ಅದರಲ್ಲೊಂದು ಐದು ಮೂಲೆಯ ನಕ್ಷತ್ರ. ಅದರ ರಿಬ್ಬನ್ನಿಗೆ ಚಿಕ್ಕ ಎಲೆಯಂಥ ಒಂದು ಲೋಹದ ಚೂರು ಚುಚ್ಚಿತ್ತು. ಮೊಬೈಲಿನಲ್ಲಿ ಫೋಟೊ ತೆಗೆದೆ. ಮಳೆಗಾಲದ ಮಧ್ಯಾಹ್ನ, ಒಳಮನೆ, ಬೆಳಕು ಸಾಲಲಿಲ್ಲ. ಫೋಟೊ ಮಸುಕು ಬಂತು.

ಮನೆಗೆ ಬಂದು ಹುಡುಕಿದೆ. ವೀರ ಚಕ್ರದ ಮೇಲೆ ಐದು ಮೂಲೆಯ ನಕ್ಷತ್ರ ಇರುತ್ತದೆ ಅಂತ ಓದಿದೆ. ಮುಗಿಯಿತು. ಅಲ್ಲಿಗೆ ಹುಡುಕುವುದನ್ನು ನಿಲ್ಲಿಸಿದೆ. ವಾಯುಪಡೆ ಅಂದ ಮೇಲೆ ಪೈಲಟ್ ಅಂತ ನಾನೇ ಸೇರಿಸಿದೆ. ವಿಮಾನದ ಚಿತ್ರವನ್ನು ಫ್ಲೆಕ್ಸ್ ಅಂಗಡಿಯ ಹುಡುಗ ಹಾಕಿದ. ನಾನು ಮೊಬೈಲಿನಲ್ಲೇ ನೋಡಿ 'ಓಕೆ' ಕಳಿಸಿದ್ದೆ. ಹಾಗಾಗಿ ಅದೂ ನನ್ನ ಲೆಕ್ಕಕ್ಕೇ.

ಜಗಲಿಯ ಮೇಲೆ

ಅಜ್ಜ ಜಗಲಿಯಲ್ಲಿ ಕೂತು ಒಣಗಿದ ಅಡಿಕೆ ಆರಿಸುತ್ತಿದ್ದರು. ಅಂಗಳದಲ್ಲಿ ಹಂಡೆ ಕುದಿಯುತ್ತಿತ್ತು, ಅಡಿಕೆ ಬೇಯಿಸಿದ ಚೊಗರಿನ ವಾಸನೆ. ಡಿಸೆಂಬರ್ ಅಂದರೆ ನಮ್ಮಲ್ಲಿ ಯಾರಿಗೂ ಪುರುಸೊತ್ತಿಲ್ಲದ ತಿಂಗಳು. ಆ ತಿಂಗಳಲ್ಲಿ ಸನ್ಮಾನ ಇಟ್ಟುಕೊಂಡದ್ದೇ ದೊಡ್ಡ ವಿಷಯ ಅಂತ ನಾನು ಒಳಗೊಳಗೇ ಬೀಗುತ್ತಿದ್ದೆ.

'ಯಾರು ಬರೆದದ್ದು ಅದನ್ನ?'

'ನಾನೇ ಅಜ್ಜ.'

'ಪೈಲಟ್ ಅಂದ್ಯಲ್ಲ ಮಾರಾಯ. ನಾನು ಜೀವಮಾನದಲ್ಲಿ ಒಂದು ವಿಮಾನ ಹಾರಿಸಿಲ್ಲ.'

ಏನು ಹೇಳುವುದು ಅಂತ ತೋಚಲಿಲ್ಲ. ಅವರು ಸೊಸೆಯನ್ನು ಕರೆದು ಡಬ್ಬಿ ತರಿಸಿದರು. ನಕ್ಷತ್ರವನ್ನು ಅಂಗೈ ಮೇಲಿಟ್ಟು ತೋರಿಸಿದರು. 'ವೀರ ಚಕ್ರ ದುಂಡಗಿರ್ತದೆ. ಬೆಳ್ಳಿಯದ್ದು. ಅದರ ಮೇಲೆ ನಕ್ಷತ್ರ ಕೆತ್ತಿರ್ತಾರೆ. ಇದು ಇಡೀ ಪದಕವೇ ನಕ್ಷತ್ರ. ಪಶ್ಚಿಮಿ ಸ್ಟಾರ್ ಅಂತ. ಆ ಯುದ್ಧದಲ್ಲಿ ಪಶ್ಚಿಮದ ಕಡೆ ಇದ್ದವರಿಗೆ ಕೊಟ್ಟದ್ದು. ಪೂರ್ವದ ಕಡೆ ಇದ್ದವರಿಗೆ ಪೂರ್ವಿ ಸ್ಟಾರ್. ಶೌರ್ಯಕ್ಕೆ ಅಂತ ನನಗೆ ಸಿಕ್ಕಿದ್ದು ಇದು ನೋಡು.' ಉಗುರಿನ ತುದಿಯಿಂದ ಆ ಸಣ್ಣ ಎಲೆ ಮುಟ್ಟಿದರು. 'ಕಮಲದ ಎಲೆ.'

ಆಮೇಲೆ ಡಬ್ಬಿಯ ತಳದಿಂದ ಒಂದು ಬಟ್ಟೆ ಬ್ಯಾಜು ತೆಗೆದರು. ಸಮವಸ್ತ್ರದ ಎದೆ ಮೇಲೆ ಹೊಲಿಯುವಂಥದ್ದು. ಅದರಲ್ಲಿ ಒಂದೇ ರೆಕ್ಕೆ. 'ಪೈಲಟ್‌ಗೆ ಎರಡು. ನಮಗೆ ಒಂದು. ನ್ಯಾವಿಗೇಟರ್.'

'ಮತ್ತೆ ಆ ವಿಮಾನ?' ಅಂತ ಅವರೇ ಕೇಳಿದರು. 'ತೇಜಸ್ ಹಾಕಿದ್ದೀರಿ. ಒಬ್ಬ ಕೂರುವ ವಿಮಾನ. ನಾನು ಎಲ್ಲಿ ಕೂತಿದ್ದೆ ಹಾಗಾದರೆ, ರೆಕ್ಕೆ ಮೇಲಾ?'

ನಗು ಬಂತು, ಆದರೆ ನಗುವ ಹಾಗಿರಲಿಲ್ಲ. ಅವರಿಗೆ ಸಿಟ್ಟು ಬಂದಿತ್ತು. ಜೋರು ಮಾತಾಡುವ ಸಿಟ್ಟಲ್ಲ. ಅಡಿಕೆ ಆರಿಸುವ ಕೈ ನಿಲ್ಲಲಿಲ್ಲ. 'ಕೊಡದೇ ಇದ್ದದ್ದನ್ನು ಕೊಟ್ಟಿದ್ದಾರೆ ಅಂತ ಹಾಕ್ಕೊಳ್ಳೋದು ಕದ್ದ ಹಾಗೆ. ಆ ಚಕ್ರ ಸಿಕ್ಕಿದವರಲ್ಲಿ ನನಗೆ ಗೊತ್ತಿದ್ದವರು ಇದ್ರು. ತೀರಿಹೋದವರೂ ಇದ್ರು.'

ಯಾವುದು ಯಾವುದು

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಸರಿ ಮಾಡಿಕೊಳ್ಳಬೇಕು. ಇದು ಗೊತ್ತಿಲ್ಲದೆಯೇ ಇಷ್ಟೆಲ್ಲ ಆದದ್ದು.

ಶತ್ರುವಿನ ಎದುರು ತೋರಿದ ಶೌರ್ಯಕ್ಕೆ ನಮ್ಮ ದೇಶದಲ್ಲಿ ಪರಮ ವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ ಇವೆ. ಮೂರನ್ನೂ ಶುರು ಮಾಡಿದ್ದು 1950ರ ಜನವರಿ 26ರಂದು, ಆದರೆ 1947ರ ಆಗಸ್ಟ್ 15ರಿಂದಲೇ ಅನ್ವಯ ಆಗುವ ಹಾಗೆ. ಪರಮ ವೀರ ಚಕ್ರ ಈವರೆಗೆ ಸಿಕ್ಕಿರುವುದು 21 ಜನರಿಗೆ. ವಾಯುಪಡೆಯವರು ಅದರಲ್ಲಿ ಒಬ್ಬರೇ, 1971ರಲ್ಲಿ ಶ್ರೀನಗರದ ಮೇಲೆ ಹೋರಾಡಿ ತೀರಿಕೊಂಡ ನಿರ್ಮಲ್‌ಜಿತ್ ಸಿಂಗ್ ಸೆಖೋನ್. ವೀರ ಚಕ್ರದ ರಿಬ್ಬನ್ ಅರ್ಧ ಕಡು ನೀಲಿ, ಅರ್ಧ ಕೇಸರಿ. ಇವುಗಳ ಕೆಳಗೆ 1960ರಲ್ಲಿ ಶುರುವಾದ ವಾಯು ಸೇನಾ ಪದಕ ಇದೆ. ಅದಕ್ಕೂ ಕೆಳಗೆ 'ಮೆನ್ಷನ್ ಇನ್ ಡಿಸ್ಪ್ಯಾಚಸ್'. ಅಂದರೆ ಯುದ್ಧದ ವರದಿಯಲ್ಲಿ ಹೆಸರು ಹೇಳಿ ಗುರುತಿಸುವುದು. ಇದಕ್ಕೆ ಬೇರೆ ಪದಕ ಇಲ್ಲ. ಆ ಯುದ್ಧದ ಪದಕದ ರಿಬ್ಬನ್ ಮೇಲೆ ಒಂದು ಕಮಲದ ಎಲೆ, ಅಷ್ಟೇ. ಹೆಸರಿನ ಮುಂದೆ ಹಾಕಿಕೊಳ್ಳುವ ಅಕ್ಷರವೂ ಇಲ್ಲ.

ಚಕ್ರ ಪಡೆದವರ ಹೆಸರು ಕೇಂದ್ರ ಸರ್ಕಾರದ ಶೌರ್ಯ ಪ್ರಶಸ್ತಿಗಳ ಜಾಲತಾಣದಲ್ಲೇ ಸಿಗುತ್ತದೆ. ಹುಡುಕಲು ಐದು ನಿಮಿಷ ಬೇಕು. ಫ್ಲೆಕ್ಸ್ ಬಣ್ಣ ಆರಿಸಲು ನಾವು ಅರ್ಧ ದಿನ ಕಳೆದಿದ್ದೆವು.

ಅಂದು ಸಂಜೆ ಸೊಸೈಟಿ ಜಗಲಿಯಲ್ಲಿ ಸಮಿತಿ ಸೇರಿತು. ವಿಷಯ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದರು. ಒಬ್ಬರು, 'ಎರಡು ದಿನದ ಫ್ಲೆಕ್ಸು, ಸುಮ್ನೆ ಇರಲಿ ಬಿಡಿ, ಯಾರು ಓದ್ತಾರೆ' ಅಂದರು. ಇನ್ನೊಬ್ಬರ ಮಾತು ನನಗೆ ಜಾಸ್ತಿ ಚುಚ್ಚಿತು. 'ಪದಕವೇ ಇಲ್ಲ ಅಂದ ಮೇಲೆ ಇಷ್ಟೊಂದು ಗದ್ದಲ ಎಂತಕ್ಕೆ ಭಾವ? ಒಂದು ಶಾಲು ಹಾಕಿ ಕಳಿಸಿದ್ರೆ ಆಯ್ತು.' ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿಗೆ ಆಗಲೇ ದುಡ್ಡು ಕೊಟ್ಟಾಗಿತ್ತು. ಅವರ ಚಿಂತೆ ಅದು.

ಮೂರನೆಯವರು ಹುರುಪಿನಲ್ಲಿದ್ದರು. ದೆಹಲಿಗೆ ಅರ್ಜಿ ಹಾಕೋಣ, ಚಕ್ರ ಕೊಡಿಸೋಣ, ದೇವಯ್ಯನವರಿಗೆ ಕೊಡಲಿಲ್ವಾ ಅಂದರು. ಮಾತು ತೆಗೆದುಹಾಕುವಂಥದ್ದಲ್ಲ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ವಾಪಸ್ ಬರಲಿಲ್ಲ. ಅವರದ್ದು ಮಿಸ್ಟೇರ್ ವಿಮಾನ. ಎದುರಿಗೆ ಬಂದದ್ದು ಶಬ್ದದ ಎರಡು ಪಟ್ಟು ವೇಗದ ಸ್ಟಾರ್‌ಫೈಟರ್. ಅದನ್ನು ಅವರು ಹೊಡೆದುರುಳಿಸಿದ್ದರು. ನಮ್ಮ ಕಡೆಗೆ ಅದು ಗೊತ್ತೇ ಆಗಲಿಲ್ಲ, ನೋಡಿದವರು ಇರಲಿಲ್ಲ. 1979ರಲ್ಲಿ ಬ್ರಿಟಿಷ್ ಲೇಖಕರೊಬ್ಬರ ಪುಸ್ತಕದಿಂದ ವಿಷಯ ಹೊರಗೆ ಬಂತು. 1988ರಲ್ಲಿ, 23 ವರ್ಷಗಳ ನಂತರ, ಮಹಾವೀರ ಚಕ್ರ ಬಂತು. ಅದನ್ನು ತೆಗೆದುಕೊಂಡದ್ದು ಅವರ ಹೆಂಡತಿ.

ಆದರೆ ಅಲ್ಲಿಗೂ ಇಲ್ಲಿಗೂ ವ್ಯತ್ಯಾಸ ಇದೆ. ದೇವಯ್ಯನವರ ವಿಷಯದಲ್ಲಿ ನಡೆದದ್ದೇ ಗೊತ್ತಿರಲಿಲ್ಲ. ಅಜ್ಜನ ವಿಷಯದಲ್ಲಿ ನಡೆದದ್ದು ಗೊತ್ತಿತ್ತು, ತೂಗಿ ನೋಡಿದರು, ಎಲೆ ಕೊಟ್ಟರು. ತೂಕ ಸರಿಯಿಲ್ಲ ಅಂತ ಅಜ್ಜನೇ ಹೇಳದಿರುವಾಗ ನಾವು ಯಾರು? ಅರ್ಜಿಯ ಮಾತು ಅಲ್ಲಿಗೆ ಬಿಟ್ಟೆವು. ಹುರುಪಿನವರು ಸ್ವಲ್ಪ ಮುನಿಸಿಕೊಂಡರು, ಚಾ ಬಂದ ಮೇಲೆ ಸರಿಹೋದರು.

ಉಳಿದದ್ದು 'ಪದಕ ಇಲ್ಲದವರಿಗೆ ಎಂತ ಸನ್ಮಾನ' ಅನ್ನುವ ಪ್ರಶ್ನೆ. ಅದಕ್ಕೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ. ನಿಜ ಹೇಳಬೇಕೆಂದರೆ ನ್ಯಾವಿಗೇಟರ್ ಏನು ಮಾಡುತ್ತಾನೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ದಾರಿ ಹೇಳುವವನು ಅಂತ ಗೊತ್ತು. ಕಾರಿನಲ್ಲಿ ಪಕ್ಕ ಕೂತು 'ಎಡಕ್ಕೆ ತಗೋ' ಅನ್ನುವವನ ಹಾಗೆ ಇರಬೇಕು ಅಂದುಕೊಂಡಿದ್ದೆ. ಮಾರನೇ ದಿನ ಶಾಲೆಯಿಂದ ಕರ್ನಾಟಕದ ಗೋಡೆ ನಕ್ಷೆ ಸುತ್ತಿಕೊಂಡು ಮತ್ತೆ ಅಜ್ಜನ ಮನೆಗೆ ಹೋದೆ. ನಕ್ಷೆ ಒಯ್ದದ್ದು ಯಾಕೆ ಅಂತ ನನಗೂ ಸರಿಯಾಗಿ ಗೊತ್ತಿಲ್ಲ. ಈ ಇಡೀ ಪ್ರಕರಣದಲ್ಲಿ ನಾನು ಮಾಡಿದ ಒಂದೇ ಒಳ್ಳೆ ಕೆಲಸ ಅದು.

ಶಿವಮೊಗ್ಗದಿಂದ ಉಡುಪಿಗೆ

ನಕ್ಷೆ ಕಂಡದ್ದೇ ಅಜ್ಜ ಅಡಿಕೆ ಬುಟ್ಟಿ ಪಕ್ಕಕ್ಕೆ ಸರಿಸಿದರು. ಜಗಲಿಯ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಅಡಿಕೆ ಇಟ್ಟರು. ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದರು. ಅದು ಅಲ್ಲಿತ್ತು ಅಂತ ನಾನು ನೋಡಿಯೇ ಇರಲಿಲ್ಲ.

'ಶಿವಮೊಗ್ಗದಿಂದ ಉಡುಪಿಗೆ ಹೋಗಬೇಕು. ಬಸ್ಸಲ್ಲಿ ಆಗುಂಬೆ ಘಾಟಿ ಇಳಿದು ಹೋಗು, ಅರ್ಧ ದಿನ ಹೋಯ್ತು. ನೆಟ್ಟಗೆ ಗೆರೆ ಎಳೆದರೆ 111 ಕಿಲೋಮೀಟರ್ ಆಸುಪಾಸು. ನಮ್ಮ ಲೆಕ್ಕದಲ್ಲಿ 60 ನಾಟಿಕಲ್ ಮೈಲಿ. ಕ್ಯಾನ್‌ಬೆರಾ ವಿಮಾನ ತಗ್ಗಿನಲ್ಲಿ ನಿಮಿಷಕ್ಕೆ ಏಳು ಮೈಲಿ ಹೋಗ್ತದೆ ಅಂತ ಇಟ್ಕೊ. ಎಷ್ಟು ಹೊತ್ತು?'

ಎಂಟೂವರೆ ನಿಮಿಷ ಅಂದೆ, ಸ್ವಲ್ಪ ತಡೆದು.

'ಎಂಟು ನಿಮಿಷ ಮೂವತ್ನಾಲ್ಕು ಸೆಕೆಂಡು. ಈಗ ರಾತ್ರಿ. ಕೆಳಗೆ ಒಂದು ದೀಪ ಇಲ್ಲ, ಎಲ್ಲಾ ಆರಿಸಿದ್ದಾರೆ. ಪಕ್ಕದಿಂದ ಗಾಳಿ, ಗಂಟೆಗೆ 40 ಮೈಲಿ. ನೀನು ಗಾಳಿ ಲೆಕ್ಕಕ್ಕೆ ತಗೊಳ್ಳಲಿಲ್ಲ. ಉಡುಪಿ ಬಂತು ಅಂತ ಕೆಳಗೆ ನೋಡಿದರೆ ಉಡುಪಿ ಎಲ್ಲಿ? ಹತ್ತು ಕಿಲೋಮೀಟರ್ ಆಚೆ. ನೀನು ಕಟಪಾಡಿ ಕಡೆ ಯಾರದ್ದೋ ಗದ್ದೆ ಮೇಲೆ ಇರ್ತಿ.'

ಗಾಳಿಯ ಕಾಲಂ ಯಾಕೆ ಅಂತ ನನಗೆ ಆಗ ಹೊಳೆಯಿತು. ಊರಿಗೆ ವಾಪಸ್ ಬಂದು ಅಷ್ಟು ವರ್ಷ ಆದಮೇಲೂ ಅವರು ದಿನಕ್ಕೆ ಎರಡು ಸಲ ಗಾಳಿ ನೋಡುತ್ತಿದ್ದರು.

ಅವರ ಹತ್ತಿರ ಇದ್ದ ಸೂತ್ರ ಸುಲಭದ್ದು. 60 ಮೈಲಿ ಹೋಗುವಾಗ ದಿಕ್ಕು ಒಂದು ಡಿಗ್ರಿ ತಪ್ಪಿದರೆ ಒಂದು ಮೈಲಿ ಪಕ್ಕಕ್ಕೆ ಹೋಗುತ್ತೀರಿ. ಐದು ಡಿಗ್ರಿಗೆ ಐದು ಮೈಲಿ. ಸ್ಟಾಪ್‌ವಾಚ್ ಒಂದು ಸೆಕೆಂಡು ತಡವಾಗಿ ಒತ್ತಿದರೆ 200 ಮೀಟರಿಗಿಂತ ಜಾಸ್ತಿ ಮುಂದೆ ಹೋಗಿರುತ್ತೀರಿ. ನಮ್ಮ ಶಾಲೆ ಗೇಟಿನಿಂದ ಸೊಸೈಟಿಯ ತನಕ. ವೇಗ, ದಿಕ್ಕು, ಸಮಯ, ಗಾಳಿ. ಈ ನಾಲ್ಕನ್ನು ಹಿಡಿದು ಕತ್ತಲಲ್ಲಿ 'ನಾವು ಈಗ ಇಲ್ಲಿದ್ದೇವೆ' ಅಂತ ನಕ್ಷೆ ಮೇಲೆ ಚುಕ್ಕೆ ಇಡುವುದು. ಕೆಲವು ನಿಮಿಷ ಬಿಟ್ಟು ಇನ್ನೊಂದು ಚುಕ್ಕೆ. ಈಗ ಈ ಕೆಲಸವನ್ನು ಉಪಗ್ರಹ ಮಾಡುತ್ತದೆ, ನಮ್ಮ ಮೊಬೈಲು ಮಾಡುತ್ತದೆ. 1971ರಲ್ಲಿ ಅದು ಇರಲಿಲ್ಲ. ವಿಮಾನದಲ್ಲಿ ಉಪಕರಣಗಳು ಇದ್ದವಂತೆ, ತಗ್ಗಿನಲ್ಲಿ ಹೋಗುವಾಗ ಅವನ್ನೇ ನಂಬಿಕೊಂಡು ಕೂರುವ ಹಾಗಿರಲಿಲ್ಲವಂತೆ. ಬೆಳದಿಂಗಳಲ್ಲಿ ಹೊಳೆ ಹೊಳೆಯುತ್ತದೆ, ಅದೊಂದು ದೊಡ್ಡ ಆಸರೆ. ತುಂಗೆ ಮಂಡಗದ್ದೆ ಹತ್ತಿರ ತಿರುಗುವುದನ್ನು ಮೇಲಿಂದ ನೋಡಿದ ಹಾಗೆ, ಅಂದರು.

ಅವರು ಇದ್ದದ್ದು ಕ್ಯಾನ್‌ಬೆರಾ ಬಾಂಬರ್‌ನಲ್ಲಿ. ಇಂಗ್ಲೆಂಡಿನ ವಿಮಾನ, ನಮ್ಮ ವಾಯುಪಡೆಗೆ ಬಂದದ್ದು 1957ರಲ್ಲಿ, ಹೋದದ್ದು 2007ರ ಮೇ 11ರಂದು. ಪೂರಾ 50 ವರ್ಷ. ಬಾಂಬ್ ಹಾಕುವ ಮಾದರಿಯಲ್ಲಿ ಇಬ್ಬರೇ. ಪೈಲಟ್ ಮೇಲೆ ಗಾಜಿನ ಗುಮ್ಮಟದಡಿ, ಸ್ವಲ್ಪ ಎಡಕ್ಕೆ. ನ್ಯಾವಿಗೇಟರ್ ಕೆಳಗೆ, ಮುಂದೆ, ವಿಮಾನದ ಮೂಗಿನೊಳಗೆ. ಅಲ್ಲೊಂದು ಸಣ್ಣ ಮೇಜು. ಗುರಿ ಹತ್ತಿರ ಬಂದಾಗ ಮೇಜು ಬಿಟ್ಟು ಮೂಗಿನ ತುದಿಯಲ್ಲಿ ಬೋರಲು ಮಲಗಬೇಕು. ಮುಖದ ಮುಂದೆ ಗಾಜು. ಅಲ್ಲಿಂದ ಗುರಿ ನೋಡಿ 'ಎಡಕ್ಕೆ, ಎಡಕ್ಕೆ, ಹಾಗೇ ಹಿಡಿ' ಅನ್ನುವವನು ಅವನು. ಬಾಂಬ್ ಬಿಡುವವನೂ ಅವನೇ.

'ಒಂದು ವಿಷಯ ಹೇಳ್ತೇನೆ, ಫ್ಲೆಕ್ಸಿಗೆ ಹಾಕಬೇಡ' ಅಂದರು ಅಜ್ಜ. 'ಪೈಲಟ್‌ಗೆ ಇಜೆಕ್ಷನ್ ಸೀಟು ಇತ್ತು. ಹಿಡಿ ಎಳೆದರೆ ಸೀಟು ಸಮೇತ ಹೊರಗೆ. ನನಗೆ ಇರಲಿಲ್ಲ. ನನಗೆ ಬಾಗಿಲು.'

ಪಕ್ಕದ ಬಾಗಿಲು. ವಿಮಾನಕ್ಕೆ ಪೆಟ್ಟು ಬಿದ್ದರೆ ತೆವಳಿಕೊಂಡು ಬಾಗಿಲ ತನಕ ಬಂದು, ತೆಗೆದು, ಪ್ಯಾರಾಚೂಟ್ ಜೊತೆ ಹಾರಬೇಕು. ಎತ್ತರದಲ್ಲಿದ್ದರೆ ಅದಕ್ಕೊಂದು ಅವಕಾಶ. ಮರದ ತುದಿ ಸವರುವ ಹಾಗೆ ಹೋಗುವಾಗ ಆ ಬಾಗಿಲು ಇದ್ದೂ ಇಲ್ಲದ ಹಾಗೆ. ಇದು ಇಬ್ಬರಿಗೂ ಗೊತ್ತಿರುತ್ತದೆ. ಗೊತ್ತಿದ್ದೂ ಹತ್ತುತ್ತಾರೆ. ಇದನ್ನು ಬರೆಯಲು ಆಮೇಲೆ ಅವರ ಒಪ್ಪಿಗೆ ಕೇಳಿದೆ. ಫ್ಲೆಕ್ಸ್‌ಗೆ ಬೇಡ ಅಂದದ್ದು, ಪುಸ್ತಕಕ್ಕೆ ಬೇಡ ಅಂದದ್ದಲ್ಲ ಅಂದರು.

ಆ ಎಲೆ ಯಾಕೆ ಸಿಕ್ಕಿತು ಅಂತ ಕೇಳಿದ್ದಕ್ಕೆ ಮೊದಲು 'ಹೋದ್ವಿ, ಬಂದ್ವಿ' ಅಂದರು. ಯಾವ ಊರಿನ ಮೇಲೆ ಅಂತ ಹೇಳಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಕಾಫಿ ಬಂತು. ಅರ್ಧ ಲೋಟ ಆದಮೇಲೆ ತಾವಾಗಿ ಹೇಳಿದರು.

1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಿಮಾನ ನಿಲ್ದಾಣಗಳ ಮೇಲೆ ಬಿದ್ದವು. ಅದೇ ರಾತ್ರಿಯಿಂದಲೇ ಕ್ಯಾನ್‌ಬೆರಾಗಳು ಹೊರಟವು. ಹುಣ್ಣಿಮೆ ಆಗಷ್ಟೇ ಕಳೆದಿತ್ತು. ಆ ಹದಿಮೂರು ದಿನಗಳಲ್ಲಿ ಒಂದು ರಾತ್ರಿ ಅಜ್ಜನ ವಿಮಾನ ಗುರಿ ಮುಟ್ಟಿತು. ಆದರೆ ಮೂಗಿನಲ್ಲಿ ಮಲಗಿ ನೋಡಿದರೆ ಗೆರೆ ಸರಿ ಕೂತಿಲ್ಲ. ಗುರಿ ಬಲಗಡೆ ಜಾರುತ್ತಿದೆ. ಹಾಗೇ ಬಿಟ್ಟಿದ್ದರೂ ಯಾರೂ ಕೇಳುತ್ತಿರಲಿಲ್ಲ. ಬಾಂಬ್ ಎಲ್ಲೋ ಬಿತ್ತು, ಕತ್ತಲು, ಯುದ್ಧ. ಅಜ್ಜ ಬಿಡಲಿಲ್ಲ. 'ಸರಿ ಇಲ್ಲ, ಇನ್ನೊಂದು ಸುತ್ತು' ಅಂದರು.

ಮೊದಲ ಸುತ್ತಿನಲ್ಲಿ ಕೆಳಗಿನವರು ಮಲಗಿರಬಹುದು. ಎರಡನೇ ಸುತ್ತಿನಲ್ಲಿ ಎಲ್ಲರೂ ಎದ್ದು ಫಿರಂಗಿ ಹತ್ತಿರ ನಿಂತಿರುತ್ತಾರೆ. 'ಅಡಿಕೆ ಬೇಯಿಸೋ ಒಲೆಗೆ ಊದಿದಾಗ ಕಿಡಿ ಏಳ್ತದಲ್ಲ, ಹಾಗೆ ಬರ್ತಿತ್ತು ಕೆಳಗಿಂದ. ನಾನು ಒಲೆಗೆ ಮುಖ ಕೊಟ್ಟು ಮಲಗಿದ ಹಾಗೆ.' ಗೆರೆ ಕೂತಿತು. ಬಿಟ್ಟರು. ಬಂದರು.

'ಹೆದರಿಕೆ ಆಗ್ಲಿಲ್ವಾ ಅಜ್ಜ?'

'ಇಳಿದ ಮೇಲೆ ಮ್ಯಾಪು ಮಡಚೋಕೆ ಆಗ್ಲಿಲ್ಲ. ಬೆರಳು ಕೇಳ್ತಾ ಇರಲಿಲ್ಲ. ಪೈಲಟ್ ಮಡಚಿ ಕೊಟ್ಟ.' ಲೋಟ ಕೆಳಗಿಟ್ಟರು. 'ಅವ ಒಂದು ಮಾತು ಯಾಕೆ ಅಂತ ಕೇಳಲಿಲ್ಲ ನೋಡು. ಇನ್ನೊಂದು ಸುತ್ತು ಅಂದೆ, ತಿರುಗಿಸಿದ. ಸನ್ಮಾನ ಮಾಡೋದಾದ್ರೆ ಅವನ ಹೆಸರೂ ಹಾಕಿ. ನನ್ನ ಹೆಸರಿನ ಪಕ್ಕ, ಅಷ್ಟೇ ದೊಡ್ಡ ಅಕ್ಷರದಲ್ಲಿ.' ಆ ಪೈಲಟ್ ತೀರಿಕೊಂಡು ವರ್ಷಗಳಾಗಿವೆ. ಬೇರೆ ರಾಜ್ಯದವರು. ನಮ್ಮೂರಿಗೆ ಬಂದವರೂ ಅಲ್ಲ.

ಹದಿನಾರರ ಸಂಜೆ

ಹೊಸ ಫ್ಲೆಕ್ಸ್‌ಗೆ ಮತ್ತೆ ಆರುನೂರು ಚಿಲ್ಲರೆ ಆಯಿತು. ನಾನೇ ಕೊಟ್ಟೆ, ಕೊಡಬೇಕಾದ್ದೂ ನಾನೇ. ಎರಡು ಹೆಸರು, ಒಂದೇ ಅಳತೆ. ಒಂದರ ಕೆಳಗೆ 'ಪೈಲಟ್', ಇನ್ನೊಂದರ ಕೆಳಗೆ 'ನ್ಯಾವಿಗೇಟರ್'. ಕೆಳಗೆ 'ಮೆನ್ಷನ್ ಇನ್ ಡಿಸ್ಪ್ಯಾಚಸ್, 1971'. ಒಂದು ಕ್ಯಾನ್‌ಬೆರಾ, ಅಜ್ಜನೇ ನೋಡಿ ಹೌದು ಅಂದದ್ದು. ಪ್ರೂಫ್ ತೋರಿಸಲು ಎರಡು ಸಲ ಅವರ ಮನೆಗೆ ಹೋದೆ. ಎರಡನೇ ಸಲ ಒಂದು ಒತ್ತಕ್ಷರ ತಿದ್ದಿದರು.

ಸಮಿತಿಯಲ್ಲಿ ಇನ್ನೂ ಒಂದು ಜಗಳ ಆಯಿತು, ಭಾಷಣದ ಬಗ್ಗೆ. ನಮ್ಮ ಕಡೆಯ ಸನ್ಮಾನಗಳಲ್ಲಿ ಅತಿಥಿಗಳು ಮುಕ್ಕಾಲು ಗಂಟೆ ಮಾತಾಡುತ್ತಾರೆ, ಸನ್ಮಾನಿತರಿಗೆ 'ಸಮಯದ ಅಭಾವದಿಂದ' ಎರಡು ನಿಮಿಷ. ಇದನ್ನು ತಿರುವಿ ಹಾಕಬೇಕು ಅಂತ ನಾನು ಹಟ ಹಿಡಿದೆ. ಅತಿಥಿಗಳಿಗೆ ಐದೈದು ನಿಮಿಷ, ಅಜ್ಜನಿಗೆ ಅರ್ಧ ಗಂಟೆ, ಗೋಡೆ ನಕ್ಷೆ, ಮಕ್ಕಳಿಗೆ ಸ್ಕೇಲು ಪೆನ್ಸಿಲು. ಒಬ್ಬ ಅತಿಥಿಗೆ ಬೇಸರವಾಗಿ ಬರಲಿಲ್ಲ. ನಷ್ಟ ಆಯಿತು ಅಂತ ನನಗೆ ಅನ್ನಿಸಲಿಲ್ಲ.

ಎಲ್ಲ ಸರಿಯಾಯಿತು ಅಂತಲ್ಲ. ನಿರೂಪಣೆ ಮಾಡಿದ ಹುಡುಗಿಗೆ ಹತ್ತು ಸಲ ಹೇಳಿದ್ದೆ. ಅವಳು ಸರಿಯಾಗಿಯೇ ಹೇಳಿದಳು. ಆದರೆ ಬಂದ ಅತಿಥಿಯೊಬ್ಬರು 'ನಮ್ಮ ಮೇಜರ್ ಸಾಹೇಬರು ಆಕಾಶದಲ್ಲಿ ವಿಮಾನ ಹಾರಿಸಿ' ಅಂತ ಶುರು ಮಾಡಿದರು. ಮೇಜರ್ ಹುದ್ದೆ ವಾಯುಪಡೆಯಲ್ಲಿ ಇಲ್ಲವೇ ಇಲ್ಲ. ಅಜ್ಜ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

ವಿಮಾನ ಅಂದರೆ ಹಾರಿಸುವವನು ಒಬ್ಬನೇ ಅನ್ನುವುದು ತಲೆಯಲ್ಲಿ ಕೂತುಬಿಟ್ಟಿದೆ, ಅದು ಒಂದು ಫ್ಲೆಕ್ಸ್‌ನಿಂದ ಹೋಗುವುದಿಲ್ಲ. 2019ರ ಫೆಬ್ರುವರಿಯ ವಿಮಾನ ಕಾಳಗದಲ್ಲಿ ಎಲ್ಲರಿಗೂ ನೆನಪಿರುವುದು ವೀರ ಚಕ್ರ ಪಡೆದ ಅಭಿನಂದನ್. ಅಂದು ನೆಲದ ಮೇಲೆ ರೇಡಾರ್ ಪರದೆ ಮುಂದೆ ಕೂತು ವಿಮಾನಗಳಿಗೆ ದಾರಿ ಹೇಳಿದ ಸ್ಕ್ವಾಡ್ರನ್ ಲೀಡರ್ ಮಿಂಟಿ ಅಗರ್‌ವಾಲ್‌ಗೆ ಯುದ್ಧ ಸೇವಾ ಪದಕ ಸಿಕ್ಕಿತು, ಆ ಪದಕ ಪಡೆದ ಮೊದಲ ಮಹಿಳೆ. ನಮ್ಮ ಸಮಿತಿಯ ಹನ್ನೊಂದು ಜನರಲ್ಲಿ ಆ ಹೆಸರು ಗೊತ್ತಿದ್ದವರು ಅಜ್ಜನ ಸೊಸೆ ಒಬ್ಬರೇ.

ಅಜ್ಜ ಪೇಟ ಹಾಕಿಸಿಕೊಂಡರು, ತಕ್ಷಣ ತೆಗೆದು ಮೊಮ್ಮಗನ ಕೈಗೆ ಕೊಟ್ಟರು. ಯುದ್ಧದ ಬಗ್ಗೆ ಮೂರು ನಿಮಿಷ ಮಾತಾಡಿದರು. ಎರಡನೇ ಸುತ್ತಿನ ವಿಷಯ ಹೇಳುವಾಗ 'ನಾವು' ಅಂತಲೇ ಹೇಳಿದರು, ಒಂದು ಸಲವೂ 'ನಾನು' ಬರಲಿಲ್ಲ. ಆಮೇಲೆ ನಕ್ಷೆ. ಏಳನೇ ಕ್ಲಾಸಿನ ಮಕ್ಕಳು ಶಿವಮೊಗ್ಗದಿಂದ ಉಡುಪಿಗೆ ನೂಲು ಹಿಡಿದು ಅಳೆದರು. ಒಬ್ಬ ಹುಡುಗ 'ಮಧ್ಯೆ ಬೆಟ್ಟ ಬಂದ್ರೆ?' ಅಂದ. 'ಗೆರೆ ಎಳೆಯುವಾಗಲೇ ಬೆಟ್ಟ ನೋಡಬೇಕು, ಹೊರಟ ಮೇಲಲ್ಲ' ಅಂದರು. ಗಾಳಿ ಲೆಕ್ಕ ಸೇರಿಸಿ ಮೊದಲು ಉತ್ತರ ಹೇಳಿದ ಹುಡುಗಿಗೆ ತಮಗೆ ಬಂದ ಹಣ್ಣಿನ ಬುಟ್ಟಿಯನ್ನೇ ಕೊಟ್ಟುಬಿಟ್ಟರು. ಅವಳು ಎತ್ತಲಾರದೆ ಇಬ್ಬರು ಹಿಡಿದುಕೊಂಡು ಹೋದರು. 'ಶಾಲು ಹಾಕಿ ಕಳಿಸಿ' ಅಂದಿದ್ದವರು ಮುಂದಿನ ಸಾಲಿನಲ್ಲಿ ಕೂತು ತಾವೂ ಬೆರಳು ಮಡಚಿ ಎಣಿಸುತ್ತಿದ್ದರು. ಅವರಿಗೆ ಒಂಬತ್ತು ನಿಮಿಷ ಬಂತು.

ಹಳೇ ಫ್ಲೆಕ್ಸ್ ಬಿಸಾಡುವುದಕ್ಕೆ ಮನಸ್ಸಾಗಲಿಲ್ಲ. ಅಡಿಕೆ ಕಾಲದಲ್ಲಿ ಎಂಟಡಿ ಆರಡಿಯ ಟಾರ್ಪಾಲು ಯಾರು ಬಿಸಾಡುತ್ತಾರೆ? ಕೊಟ್ಟಿಗೆ ಪಕ್ಕದ ಸೌದೆ ರಾಶಿಗೆ ಹೊದಿಸಿದ್ದೇನೆ, ಬರೆದ ಮುಖ ಒಳಗೆ ಮಾಡಿ. ಆದರೂ ಬೆಳಗ್ಗೆ ಬಿಸಿಲು ಬಿದ್ದಾಗ ಅಕ್ಷರ ಹಿಂದಿನಿಂದ ಮೂಡುತ್ತದೆ, ಉಲ್ಟಾ. ಅಜ್ಜ ಮೊನ್ನೆ ಆ ದಾರಿಯಲ್ಲಿ ಹೋಗುತ್ತಾ ನಿಂತು ನೋಡಿದರು. ಮಳೆಗಾಲಕ್ಕೆ ಮುಂಚೆ ಪಡುವಣ ದಿಕ್ಕಿನ ಅಂಚಿಗೆ ಎರಡು ಕಲ್ಲು ಜಾಸ್ತಿ ಇಡು, ಗಾಳಿ ಅಲ್ಲಿಂದ ಬರ್ತದೆ ಅಂದರು.